ದೇವರ ವಾಟ್ನಿ ತಪ್ಪಿದೆ ಎಂದ ಕಾಕಾ

ದೇವರು ಎಲ್ಲ ಕಡೆಯೂ ಇದ್ದಾನೆ ಎಂದು ದೊಡ್ಡವರು ಹೇಳುತ್ತಾರೆ. ನೀವೂ ನಂಬಿರಬಹುದು. ನಮ್ಮ ಕಾಕಾ ಮಾತ್ರ ಇದನ್ನು ಸುತಾರಾಂ ಒಪ್ಪುತ್ತಿರಲಿಲ್ಲ.

"ಯಾರು ಹೇಳ್ಯಾರ ನಿಮಗ? ನಾ ತಿರುಗಾಡಿ ನೋಡೇನಿ. ಒಂದೊಂದು ಊರಾಗ ಒಬ್ಬರ ಕಾಲು ಒಬ್ಬರು ತುಳಿಯೂ ಹಂಗ ಕುಂತಾರ. ಮುಂದ ನಾಕು ಹರದಾರಿ ನಡೀರಿ, ಕೈ ಮುಗೀಬೇಕಂದ್ರ ಒಂದು ಕಲ್ಲು ಇಲ್ಲ" ಎನ್ನುತ್ತಿದ್ದ.

ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವುದಕ್ಕೆ ನಮ್ಮ ಕಡೆ ವಾಟ್ನಿ ಎನ್ನುತ್ತಾರೆ. ಈ ದೇಶದಲ್ಲಿ ದೇವರುಗಳ ವಾಟ್ನಿ ಸರಿಯಾಗಿ ಆಗಿಲ್ಲ ಎಂಬುದು ಕಾಕಾನ ಜೀವಮಾನದ ತಕರಾರು. ತಕರಾರು ಯಾರ ಮೇಲೆ? ದೇವರ ಮೇಲೋ, ಸರಕಾರದ ಮೇಲೋ, ಗುಡಿ ಕಟ್ಟಿಸಿ ಸತ್ತುಹೋದ ರಾಜರ ಮೇಲೋ? ಅದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ. ಎದುರಿಗೆ ಸಿಕ್ಕವರ ಮೇಲೆ ಅಂತೂ ಹೌದು. ಮನೆಯಲ್ಲಿ ಹೆಚ್ಚಾಗಿ ಎದುರಿಗೆ ಸಿಗುತ್ತಿದ್ದವಳು ನಾನು. ನಾಚಿಕೆ, ಮಾನ, ಮರ್ಯಾದೆ ಇವೆಲ್ಲ ಏನು ಎಂದು ಬೇರೆ ಹುಡುಗಿಯರಿಗೆ ತಾಯಂದಿರು ಕಲಿಸುತ್ತಾರೆ. ನನಗೆ ಕಲಿಸಿದವನು ಕಾಕಾ. ಅದೂ ದಿನಾಲೂ, ಮಂದಿಯ ಎದುರಿಗೆ.

ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಸಂಖ. ಮನೆಯಲ್ಲಿ ಬಟ್ಟೆ ವ್ಯಾಪಾರ. ಅಪ್ಪ ಅಂಗಡಿಯಲ್ಲಿ ಕೂಡುತ್ತಿದ್ದ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮನಾದ ಕಾಕಾ ಬಟ್ಟೆಯ ಗಂಟು ಹೊತ್ತು ಸುತ್ತಲಿನ ಸಂತೆಗಳಿಗೆ ಹೋಗುತ್ತಿದ್ದ. ವ್ಯಾಪಾರ ಎಂದು ಹೆಸರಿಗೆ! ಕುಪ್ಪಸದ ಖಣ ಆರಿಸಲು ಬಂದ ಹೆಣ್ಣುಮಗಳಿಗೆ ಇವನ ಪ್ರಶ್ನೆಗಳು ಶುರು. "ಯಾವೂರವ್ವ ನಿಂದು? ಅಲ್ಲೆ ಲಕ್ಕವ್ವನ ಗುಡಿ ಊರ ಒಳಗ ಐತೋ ಹೊರಗ ಐತೋ? ಬಸವಣ್ಣನ ಮುಖ ಯಾ ಕಡಿಗೈತಿ?" ಉತ್ತರ ಸರಿಯಾಗಿ ಬಂದರೆ ಒಂದು ಗೇಣು ಬಟ್ಟೆ ಹೆಚ್ಚು ಹರಿದುಕೊಡುವನು. ಗೊತ್ತಿಲ್ಲ ಎಂದರೆ, "ಅಲ್ಲೇ ಹುಟ್ಟಿ ಬೆಳೆದಿ, ದೇವರ ಮುಖ ನೋಡಿಲ್ಲೇನು?" ಎಂದು ಅವಳಿಗೇ ಬುದ್ಧಿ ಹೇಳುವನು. ಬುದ್ಧಿ ಹೇಳಿಸಿಕೊಂಡು ಖಣ ಕೊಳ್ಳುವವರು ಯಾರಿದ್ದಾರೆ? ಅವಳು ಪಕ್ಕದ ವ್ಯಾಪಾರಿಯ ಹತ್ತಿರ ಹೋಗಿಬಿಡುತ್ತಿದ್ದಳು.

ಕಾಕಾನಿಗೆ ಮದುವೆ ಆಗಲಿಲ್ಲ. ಒಂದು ಸಲ ಮನೆಯವರು ಬಲವಂತದಿಂದ ಕನ್ಯೆ ನೋಡಲು ಕಳಿಸಿದ್ದರಂತೆ. ಆ ಊರಿಗೆ ಹೋದವನು ಮೊದಲು ಅಲ್ಲಿನ ಗುಡಿಗಳನ್ನೆಲ್ಲ ಸುತ್ತಿ, ಹೊತ್ತು ಇಳಿದ ಮೇಲೆ ಹುಡುಗಿಯ ಮನೆಗೆ ಮುಟ್ಟಿದ. ತಿರುಗಿ ಬಂದಾಗ ನಮ್ಮ ಆಯಿ, ಅಂದರೆ ನನ್ನ ಅಜ್ಜಿ, ಆಸೆಯಿಂದ ಕೇಳಿದಳು.

"ಹ್ಯಾಂಗದಾಳಪ್ಪ ಹುಡುಗಿ?"

"ಪೂರ್ವಕ್ಕ ಮುಖ" ಎಂದ ಕಾಕಾ.

ಅಲ್ಲಿಗೆ ಆ ಮಾತು ಮುಗಿಯಿತು. ಆಯಿ ಮತ್ತೆಂದೂ ಅವನ ಮದುವೆಯ ಸುದ್ದಿ ಎತ್ತಲಿಲ್ಲ.

ನಾನು ಸಾಲಿಗೆ ಹೋಗುತ್ತಿದ್ದಾಗ ಭೂಗೋಳದ ಮಾಸ್ತರರು ಮಹಾರಾಷ್ಟ್ರದ ನಕಾಶೆ ಬರೆದು ಬೆಳೆಗಳನ್ನು ತೋರಿಸಿಕೊಂಡು ಬರಲು ಹೇಳಿದ್ದರು. ಕಡಲ ದಂಡೆಗೆ ಭತ್ತ, ತೆಂಗು. ಕೊಲ್ಹಾಪುರದ ಕಡೆ ಕಬ್ಬು. ನಮ್ಮ ಕಡೆ ಜೋಳ, ಸಜ್ಜೆ. ಚೆಂದ ಬಣ್ಣ ತುಂಬಿ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಕಾಕಾ ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಎಲ್ಲಾ ಬರದೀ. ದೇವರ ಬೆಳಿ ಎಲ್ಲೈತಿ?"

ಮರುದಿನ ನನ್ನ ಜೊತೆ ಸಾಲಿಗೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಕೈ ಮುಗಿದು, "ಮಾಸ್ತರ್ರ, ಕೊಂಕಣದಾಗ ಹೆಜ್ಜಿಗೊಂದು ಗಣಪ್ಪ ಅದಾನ. ಯಾಕ ಹೇಳ್ರಿ?" ಎಂದ.

ಮಾಸ್ತರರು ಸಾಧು ಸ್ವಭಾವದವರು. "ಯಾಕ್ರಿ?" ಎಂದರು.

"ತೆಂಗಿನಕಾಯಿ. ಕಡುಬಿಗೆ ಕಾಯಿ ಬೇಕಲ್ರಿ. ನಮ್ಮ ಕಡೆ ಬಂದು ಏನ್ ತಿಂತಾನ, ಸಜ್ಜಿ ರೊಟ್ಟಿ? ಹಣಮಪ್ಪಗ ಅದೆಲ್ಲ ಏನೂ ಬೇಕಾಗಿಲ್ಲ. ಒಂದು ಪಳಿ ಎಣ್ಣಿ, ಒಂದು ಎಕ್ಕಿ ಎಲಿ ಮಾಲಿ. ಅದಕ್ಕಽ ಈ ಬರಡು ನೆಲ ಪೂರಾ ಅವನ ಕೈಯಾಗ ಐತಿ. ಬೀರಪ್ಪ ಕುರಿ ಹಿಂದಿಂದ ಹೋಗ್ತಾನ, ಹುಲ್ಲು ಇದ್ದಲ್ಲೆ ನಿಂದರತಾನ. ಮಲ್ಲಯ್ಯ ಗುಡ್ಡ ಬಿಟ್ಟು ಕೆಳಗ ಇಳಿಯಂಗಿಲ್ಲ. ದಾರಿ ಕೂಡೂ ಕಡೆ ದರ್ಗಾ. ಇದನ್ನೆಲ್ಲ ಹುಡುಗರಿಗೆ ಕಲಸೂದು ಬಿಟ್ಟು ಬರೇ ಶೇಂಗಾ, ಹತ್ತಿ ಕಲಸ್ತೀರಿ. ಅದು ಅವರ ಅಪ್ಪಗೂ ಗೊತ್ತೈತಿ."

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಮಾಸ್ತರರೂ ಮುಖ ತಿರುಗಿಸಿ ಹಲಗೆ ಒರೆಸತೊಡಗಿದರು. ಅದು ಒರೆಸಿದ ಹಲಗೆಯೇ ಆಗಿತ್ತು. ಅಂದಿನಿಂದ ಸಾಲಿ ಬಿಡುವವರೆಗೂ ನನಗೆ ನನ್ನ ಹೆಸರೇ ಇಲ್ಲವಾಯಿತು. "ಏನಬೇ, ಈ ವರ್ಷ ನಿಮ್ಮ ಕಡೆ ದೇವರ ಬೆಳಿ ಹ್ಯಾಂಗ? ಹುಳ ಬಿದ್ದಿಲ್ಲಲ್ಲ?" ಎಂದು ಕೇಳುವವರೇ ಎಲ್ಲರೂ. ನಾನು ಪಾಟಿಚೀಲ ಎದೆಗವಚಿಕೊಂಡು ಗೋಡೆಯ ಬದಿ ಹಿಡಿದು ನಡೆಯುತ್ತಿದ್ದೆ.

ಬಸ್ಸಿನಲ್ಲಿ ಕಾಕಾನ ಜೊತೆ ಹೋಗುವುದು ಇನ್ನೊಂದು ಸಂಕಟ. ಅವನು ಟಿಕೀಟು ಕೇಳುವಾಗ ಊರಿನ ಹೆಸರು ಹೇಳುತ್ತಿರಲಿಲ್ಲ. "ಎರಡು ಟಿಕೀಟ ಕೊಡ್ರಿ, ಹಳ್ಳದ ಹಣಮಪ್ಪಗ" ಎನ್ನುವನು. ಒಂದು ಸಲ ಕಂಡಕ್ಟರನಾಗಿದ್ದವನು ಮಿರಜ ಕಡೆಯ ಮರಾಠಿ ಮನುಷ್ಯ. ಅವನು ಗಾವ ಯಾವುದು, ಗಾವ ಹೇಳಿ ಎಂದು ಮರಾಠಿಯಲ್ಲಿ ಗದರಿದರೆ, ಕಾಕಾ ಅವನದೇ ಮರಾಠಿಯಲ್ಲಿ ಉಪದೇಶಕ್ಕೆ ಇಳಿದ: ಊರು ಏಳುತ್ತವೆ, ಬೀಳುತ್ತವೆ, ಇವತ್ತು ಈ ರಾಜ್ಯಕ್ಕೆ, ನಾಳೆ ಆ ರಾಜ್ಯಕ್ಕೆ ಸೇರುತ್ತವೆ, ಹಣಮಪ್ಪ ಎಂದಾದರೂ ಎದ್ದು ಹೋಗಿದ್ದಾನೆಯೇ?

ಕಂಡಕ್ಟರ ಗಂಟೆ ಎಳೆದು ಬಸ್ಸು ನಿಲ್ಲಿಸಿಬಿಟ್ಟ. ಹಿಂದಿನ ಸೀಟಿನ ಮುದುಕನೊಬ್ಬ, ಹಳ್ಳದ ಹಣಮಪ್ಪ ಎಂದರೆ ಆಚೆ ದಂಡೆಯವನೋ ಈಚೆ ದಂಡೆಯವನೋ ಎಂದು ಕೇಳಿದ. ಇನ್ನೊಬ್ಬ, ಆಚೆಯವನು ಹಳ್ಳದ ಹಣಮಪ್ಪ ಅಲ್ಲ, ಅವನು ಕರಿ ಹಣಮಪ್ಪ ಎಂದ. ಅರ್ಧ ಬಸ್ಸು ಆಚೆ, ಅರ್ಧ ಬಸ್ಸು ಈಚೆ! ಕೋಳಿ ಹಿಡಿದುಕೊಂಡಿದ್ದ ಹೆಂಗಸೊಬ್ಬಳು ನನ್ನ ಕಡೆ ತಿರುಗಿ, "ಇವರು ನಿಮ್ಮವರೇನವ್ವಾ?" ಎಂದು ಮೆಲ್ಲಗೆ ಕೇಳಿದಳು. ಅವಳ ದನಿಯಲ್ಲಿದ್ದ ಕನಿಕರವನ್ನು ನಾನು ಈಗಲೂ ಮರೆತಿಲ್ಲ. ಕೊನೆಗೆ ಡ್ರಾಯವ್ಹರನೇ ಕೈ ಎತ್ತಿ, ತಾನೂ ಅದೇ ಹಣಮಪ್ಪನ ಭಕ್ತನೆಂದು ಹೇಳಿ, ಗುಡಿಯ ಎದುರಿಗೇ ನಮ್ಮನ್ನು ಇಳಿಸಿದ. ಕಾಕಾ ಗೆದ್ದ ಮುಖ ಮಾಡಿಕೊಂಡು ಇಳಿದ. ನಾವು ಹೋಗಬೇಕಾಗಿದ್ದ ಸಂತೆ ಅಲ್ಲಿಂದ ಇನ್ನೂ ಒಂದು ಹರದಾರಿ ಮುಂದಿತ್ತು. ಬಟ್ಟೆಯ ಗಂಟಿನ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದುಕೊಂಡು ಬಿಸಿಲಲ್ಲಿ ನಡೆದೆವು.

ಇಷ್ಟಾದರೂ ಕಾಕಾನ ಅತಿ ದೊಡ್ಡ ತಲೆನೋವು ಮನೆದೇವರುಗಳದು. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಂದು ಮನೆದೇವರು ಉಂಟು. ಮದುವೆಯಾದರೆ ಹೊಸ ಜೋಡಿ ಮೊದಲು ಅಲ್ಲಿಗೆ ಹೋಗಬೇಕು. ಕೂಸಿನ ಮೊದಲ ಕೂದಲನ್ನು ಅಲ್ಲೇ ತೆಗೆಸಬೇಕು. ಆ ದೇವರನ್ನು ನಡೆಸಿಕೊಂಡು ಬಂದ ಮನೆಗಳಿಗೆ ಒಕ್ಕಲು ಎನ್ನುತ್ತಾರೆ. ಒಂದೇ ದೇವರ ಒಕ್ಕಲುಗಳೆಲ್ಲ ಅಣ್ಣತಮ್ಮಂದಿರಿದ್ದ ಹಾಗೆ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಇದೆಲ್ಲ ಸರಿ. ಆದರೆ ಯಾರ ಮನೆದೇವರೂ ಅವರ ಊರಲ್ಲಿ ಇರುವುದಿಲ್ಲವಲ್ಲ! ಸಂಖದವರು ಭೀಮಾ ನದಿಯ ದಂಡೆಗೆ ಹೋಗುತ್ತಾರೆ. ಭೀಮಾ ದಂಡೆಯವರು ಬುತ್ತಿ ಕಟ್ಟಿಕೊಂಡು ನಮ್ಮ ಕಡೆ ಬರುತ್ತಾರೆ. ದಾರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಶರಣು ಅಂದು ಮುಂದೆ ಸಾಗುತ್ತಾರೆ.

ಕಾಕಾ ಇದಕ್ಕೊಂದು ಉಪಾಯ ಹುಡುಕಿ ಊರ ಪಂಚರ ಮುಂದೆ ಇಟ್ಟ. ಅದಲಿಬದಲಿ. ನಮ್ಮ ಊರಲ್ಲಿರುವ ಅವರ ದೇವರನ್ನು ನಾವು ನಡೆಸುವುದು, ಅವರ ಊರಲ್ಲಿರುವ ನಮ್ಮ ದೇವರನ್ನು ಅವರು ನಡೆಸುವುದು. ಎತ್ತಿನ ಕಾಲು ಉಳಿಯಿತು, ಬಸ್ಸಿನ ಧೂಳು ತಪ್ಪಿತು.

ಹಿರಿಯ ಪಂಚರೊಬ್ಬರು ಅಡಕೆ ಕತ್ತರಿಸುತ್ತ ಕೇಳಿದರು. "ನಾವು ಬೇಡಿಕೊಂಡಿದ್ದು ಅವರಿಗೆ ಆತು ಅಂದ್ರ ಏನ್ ಮಾಡ್ತೀಯೋ ತಮ್ಮಾ? ನನಗ ಮಳಿ ಬೇಕು ಅಂತ ಇಲ್ಲಿ ಬೇಡಿಕೊಂಡ್ರ ಅಲ್ಲಿ ಹೊಳಿ ತುಂಬಿದ್ರ?"

ಕಾಕಾ ಎದ್ದು ಮನೆಗೆ ಬಂದ. ಹಲವು ದಿನ ಮಂಕಾಗಿ ಕುಳಿತಿದ್ದು, ಒಂದು ಸಂಜೆ ಊಟಕ್ಕೆ ಕೂತಾಗ ತಾನೇ ಹೇಳಿದ. "ದೇವರು ದೂರ ಇಲ್ಲವ್ವಾ. ನಾವು ದೂರ ಬಂದೇವಿ. ಹಿರೇರು ಹೊಟ್ಟಿ ಬೆನ್ನು ಹತ್ತಿ ಎದ್ದು ಬಂದ್ರು, ದೇವರು ಕುಂತಲ್ಲೇ ಕುಂತ. ಮನಿದೇವರು ಅಂದ್ರ ನಮ್ಮ ಹಳೇ ವಿಳಾಸ." ಈ ಮಾತು ಚೆನ್ನಾಗಿತ್ತು ಎಂದು ನಾನೂ ಒಪ್ಪುತ್ತೇನೆ. ಆದರೆ ಅದನ್ನು ಅವನು ಮುಂದೆ ಪ್ರತಿ ಸಂತೆಯಲ್ಲೂ ಹೇಳತೊಡಗಿದ. ಹಿಂದೆಯೇ ನಮ್ಮ ಮನೆದೇವರಾದ ಭೀಮಾ ದಂಡೆಯ ಹೊಳೆಸಿದ್ಧನ ವರ್ಣನೆ. ಗುಡಿ ಎಷ್ಟು ಸಣ್ಣದು, ಕಲ್ಲು ಎಷ್ಟು ತಂಪು, ಒಕ್ಕಲುಗಳು ಯಾವ ಯಾವ ಊರಲ್ಲಿದ್ದಾರೆ. ಖಣ ಕೊಳ್ಳಲು ಬಂದವರಿಗೆ ಖಣದ ದರ ಗೊತ್ತಾಗುತ್ತಿರಲಿಲ್ಲ, ಹೊಳೆಸಿದ್ಧನ ಸಮಾಚಾರ ಪೂರಾ ಗೊತ್ತಾಗುತ್ತಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಗಂಡು ನೋಡತೊಡಗಿದರು.

ಮೊದಲು ಬಂದವರು ಅಥಣಿ ಕಡೆಯವರು, ಉಳ್ಳವರು. ಅವರು ಕೂತು ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಕಾಕಾ ಶುರು ಮಾಡಿದ. ನಿಮ್ಮ ಊರ ಅಗಸಿಬಾಗಿಲಲ್ಲಿ ಹೊಸ ಗುಡಿ ಕಟ್ಟುತ್ತಿದ್ದೀರಂತೆ, ಹಳೆಯ ಗುಡಿಗೆ ದೀಪಕ್ಕೆ ಎಣ್ಣೆ ಇಲ್ಲ, ಹೊಸದು ಯಾತಕ್ಕೆ? ಹುಡುಗನ ಅಪ್ಪ, ಅದು ನಮ್ಮದೇ ಹರಕೆ ಎಂದರು. ಕಾಕಾ, ನಿಮ್ಮ ಹರಕೆಗೆ ಆ ದೇವರು ಯಾಕೆ ಅಗಸಿಯ ಗಾಳಿಯಲ್ಲಿ ಕೂಡಬೇಕು ಎಂದ. ಹುಡುಗನ ಅಪ್ಪ ಉಪ್ಪಿಟ್ಟಿನ ತಾಟು ದೂಡಿ ಎದ್ದು ನಿಂತರು. "ನಾವು ಕನ್ಯಾ ನೋಡಾಕ ಬಂದೇವ್ರಿ. ನಮ್ಮ ಗುಡಿ ಮೋಜಣಿ ಮಾಡಸ್ಕೊಳ್ಳಾಕ ಬಂದಿಲ್ಲ." ನಾನು ಒಳಗೆ ಹೊಸ ಸೀರೆ ಉಟ್ಟು, ಚಹದ ತಾಟು ಹಿಡಿದು ನಿಂತೇ ಇದ್ದೆ. ಹೊರಗೆ ಗಾಡಿಯ ಎತ್ತುಗಳ ಗೆಜ್ಜೆ ಕೇಳಿಸಿತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಚಹ ಕೊನೆಗೆ ಕಾಕಾನೇ ಕುಡಿದ.

ಹೀಗಾಗಿ ಎರಡನೆಯ ಸಲ ಆಯಿ ಮುಂಜಾಗ್ರತೆ ವಹಿಸಿದಳು. ಅವರು ಬರುವ ದಿನ ಬೆಳಿಗ್ಗೆ ಕಾಕಾನ ಕೈಗೆ ರೊಟ್ಟಿಯ ಗಂಟು ಕೊಟ್ಟು, "ಜತ್ತ ಸಂತಿಗೆ ಹೋಗು" ಎಂದಳು.

"ನಾ ಮನ್ಯಾಗ ಇದ್ರ ಏನಾಗ್ತೈತಿ?"

"ಏನೂ ಆಗಂಗಿಲ್ಲ. ಅದಕ್ಕಽ ಹೋಗು."

ಕಾಕಾ ಮುಖ ಸಣ್ಣದು ಮಾಡಿಕೊಂಡು ಹೋದ. ಮನೆ ಮಂದಿಯೆಲ್ಲ ನಿಟ್ಟುಸಿರು ಬಿಟ್ಟೆವು.

ಬಂದವರು ದರಿಬಡಚಿಯವರು. ಹುಡುಗ ಸಾಲಿ ಮಾಸ್ತರ, ಅವನ ಅಪ್ಪನದು ಕಿರಾಣಿ ಅಂಗಡಿ. ನಾನು ಚಹ ಕೊಟ್ಟೆ. ಹುಡುಗ ಬಶಿಯಲ್ಲಿ ಸುರಿದುಕೊಳ್ಳುವಾಗ ತನ್ನ ಬಿಳಿ ಪಾಯಜಾಮದ ಮೇಲೆ ಚೆಲ್ಲಿಕೊಂಡ. ಯಾರೂ ನೋಡಬಾರದೆಂದು ಕಲೆಯ ಮೇಲೆ ಅಂಗೈ ಇಟ್ಟು, ಬಿಸಿ ತಡೆದುಕೊಂಡು, ನಗುತ್ತ ಕೂತ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಇಷ್ಟು ಸಾಕಾಯಿತು. ನಾಚಿಕೆಪಡುವ ಮನುಷ್ಯ ಸಿಕ್ಕನಲ್ಲ, ನಮ್ಮ ಜಾತಿಯವನೇ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಎಲ್ಲ ಸುಸೂತ್ರ ನಡೆದಿತ್ತು. ಕಾಯಿ, ಎಲೆ, ಅಡಕೆ ತಾಟಿಗೆ ಬಂದಿದ್ದವು. ಅಪ್ಪ ರೂಢಿಯಂತೆ ಕೇಳಿದ.

"ನಿಮ್ಮ ಮನಿದೇವರು ಯಾವುದ್ರಿ?"

ಹುಡುಗನ ಅಪ್ಪ ಬಶಿಯಿಂದ ಕಣ್ಣೆತ್ತಲಿಲ್ಲ. "ಹೊಳೆಸಿದ್ಧ ರಿ. ಭೀಮಾ ದಂಡಿಗೆ ಐತಲ್ರಿ, ಸಣ್ಣ ಗುಡಿ. ಅದು."

ಅಪ್ಪ ಕೈಯಲ್ಲಿದ್ದ ಎಲೆ ಅಡಕೆಯನ್ನು ತಿರುಗಿ ತಾಟಿಗೆ ಇಟ್ಟ. ಮೊದಲು ಮಾತಾಡಿದವಳು ಆಯಿ. "ಅಯ್ಯ, ನೀವು ನಮ್ಮವರಽ ಏನಪ್ಪ!" ಎಂದು ಕೈ ತಟ್ಟಿ ನಕ್ಕಳು. ನಕ್ಕ ಮೇಲೆ ಅವಳಿಗೆ ಆ ಮಾತಿನ ಅರ್ಥ ಹೊಳೆಯಿತು. ಎದ್ದು ಬಂದು ನನ್ನ ಕೈಯಿಂದ ತಾಟು ಇಸಿದುಕೊಂಡಳು. ನನ್ನ ಎದುರಿಗೆ ಕೂತಿದ್ದ ವರ, ತೊಡೆಯ ಮೇಲಿನ ಚಹ ಆರುವಷ್ಟರಲ್ಲಿ ನನಗೆ ಅಣ್ಣನಾಗಿದ್ದ!

ಆಯಿಯ ಮನಸ್ಸು ದೊಡ್ಡದು. ಸಂಬಂಧ ಹೋದರೆ ಹೋಯಿತು, ಬಳಗ ಸಿಕ್ಕಿತಲ್ಲ! "ಉಂಡಽ ಹೋಗ್ಬೇಕು. ಅಣ್ಣತಮ್ಮರು ಬರೇ ಚಹಾ ಕುಡದು ಹೋಗೂದೇನು?" ಎಂದು ತಡೆದಳು. ಅಷ್ಟಕ್ಕೇ ಬಿಡದೆ ಹುಡುಗನಿಗೆ, "ಈ ಸಲ ಪಂಚಮಿಗೆ ತಂಗಿನ್ನ ಕರಿಯಾಕ ಬಾರಪ್ಪ" ಎಂದಳು. ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಹೋಗಿ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಅಷ್ಟರಲ್ಲಿ ಹೊರಗಿನಿಂದ ಕಾಕಾನ ದನಿ ಕೇಳಿಸಿತು. ಜತ್ತ ಬಸ್ಸು ಬಂದಿರಲಿಲ್ಲವಂತೆ. ಪಾರಕಟ್ಟೆಯಲ್ಲಿ ಮಧ್ಯಾಹ್ನದವರೆಗೆ ಕಾದು, ಗಂಟು ಹೊತ್ತು ತಿರುಗಿ ಬಂದಿದ್ದ. ಅಪ್ಪ ನಡೆದದ್ದನ್ನೆಲ್ಲ ಹೇಳಿದ.

ನಾನು ಬಾಗಿಲ ಸಂದಿಗೆ ಬಂದು ನಿಂತೆ. ಹೊಳೆಸಿದ್ಧನ ಒಕ್ಕಲು ಎಲ್ಲೆಲ್ಲಿದೆ ಎಂದು ಕಾಕಾ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ದರಿಬಡಚಿಯ ಹೆಸರನ್ನು ಅವನ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಕೇಳು ಕಾಕಾ, ಕೇಳು! ಕಂಡ ಕಂಡವರನ್ನೆಲ್ಲ ಕೇಳಿ ನನ್ನ ಮಾನ ಕಳೆದವನು, ಇದೊಂದನ್ನು ಕೇಳು! ಯಾವ ತಲೆಮಾರಿನವರು, ಗುಡಿಯ ಬಾಗಿಲು ಯಾವ ದಿಕ್ಕಿಗೆ, ಮುಂದಿನ ಗಿಡ ಯಾವುದು, ಕೇಳು!

ಕಾಕಾ ಹುಡುಗನ ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದ. ಅವರು ನೆಲ ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಕಾಕಾ ಏನೂ ಕೇಳಲಿಲ್ಲ.

"ಬರ್ರಿ, ಕೈಕಾಲ ತೊಳಕೊಂಡು ಬರೂಣ" ಎಂದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದ.

ನಾನು ಊಟಕ್ಕೆ ರೊಟ್ಟಿ ತಟ್ಟಲು ಒಳಗೆ ಬಂದೆ. ಹಿತ್ತಲಿನ ಕಡೆ ಅಡುಗೆ ಮನೆಯ ಕಿಟಕಿ ಇತ್ತು. ನೀರು ಸುರಿಯುವ ಸಪ್ಪಳ ಕೇಳಿಸಿತು. ಬಹಳ ಹೊತ್ತು ಸುರಿಯಿತು. ಆಮೇಲೆ ಹುಡುಗನ ಅಪ್ಪನ ಮಾತು.

"ನೀವಽ ಹೇಳಿದ್ರೆಪ್ಪಾ, ಸಂತ್ಯಾಗ. ನಾ ಲುಂಗಿ ತೊಗೊಳ್ಳಾಕ ಬಂದಿದ್ದೆ. ಸಣ್ಣ ದೇವರು, ಯಾರಿಗೂ ಅಷ್ಟು ಗೊತ್ತಿಲ್ಲ ಅಂದ್ರಿ. ನಿಮ್ಮದಽ ದೇವರು ಅಂತ ನನ್ನ ಕಿವಿಗೆ ಬೀಳಲಿಲ್ಲ ನೋಡ್ರಿ."

"ನಿಮ್ಮದು ಯಾವುದ್ರಿ ಮತ್ತ?"

"ಇಲ್ರಿ. ನಮಗ ಇಲ್ಲ. ನಮ್ಮ ಮುತ್ತ್ಯಾ ಸಣ್ಣಾವ ಇದ್ದಾಗ ಬ್ಯಾನಿ ಬಂದು ಮನಿಮಂದಿ ಎಲ್ಲಾ ಹ್ವಾದ್ರಂತ. ಯಾರೋ ಪುಣ್ಯಾತ್ಮರು ಎತಗೊಂಡು ಬಂದು ಸಾಕಿದ್ರು. ಯಾ ಊರು, ಯಾ ದೇವರು, ಆ ಕೂಸಿಗೆ ಏನ್ ಗೊತ್ತ? ನನ್ನ ಮದವ್ಯಾಗ ತುಳಜಾಪುರ ಅಂದ್ವಿ. ತಮ್ಮನ ಮದವ್ಯಾಗ ಶ್ರೀಶೈಲ ಅಂದ್ವಿ. ಈಗಿನ ಮಂದಿ ಕೇಳಂಗಿಲ್ರಿ. ಅದು ಎಲ್ಲಾರ ದೇವರು, ನಿಮ್ಮದು ಯಾವುದು ಹೇಳ್ರಿ ಅಂತಾರ. ಹಿಂಗಽ ಒಂದೆರಡು ಕಡೆ ಎದ್ದು ಹ್ವಾದ್ರು. ಹುಡುಗ ನೌಕರಿ ಹಿಡದಾನ, ಚಟ ಇಲ್ಲ. ಆದ್ರ ದೇವರಿಲ್ಲದ ಮನಿಗೆ ಯಾರು ಹೆಣ್ಣು ಕೊಡ್ತಾರ್ರಿ? ನಾಚಿಕಿ ಬಿಟ್ಟು ಸುಳ್ಳ ಹೇಳಿದೆ. ಅದೂ ನಿಮ್ಮ ಮನ್ಯಾಗ ನಿಮ್ಮ ದೇವರನ್ನಽ ಹೇಳಿದೆ."

ಮತ್ತೆ ನೀರು ಸುರಿಯುವ ಸಪ್ಪಳ. ಅವರು ಮುಖ ತೊಳೆದುಕೊಳ್ಳುತ್ತಿದ್ದರು. ಒರೆಸಿಕೊಂಡರೂ ಮತ್ತೆ ತೊಳೆಯುತ್ತಿದ್ದರು.

ಈಗ ನಿಮಗೆ ಗೊತ್ತಾಗಿರಬೇಕು. ನಿಜ ಹೊರಗೆ ಬಂದರೆ ಅವನು ನನಗೆ ಅಣ್ಣನಲ್ಲ, ಮದುವೆಗೆ ಅಡ್ಡಿಯಿಲ್ಲ. ಆದರೆ ನಿಜ ಹೊರಗೆ ಬಂದರೆ ಇವರದು ದೇವರಿಲ್ಲದ ಮನೆ, ಮೇಲೆ ಸುಳ್ಳಿನ ಮನೆ. ನಮ್ಮ ಅಪ್ಪ ಅಂಥ ಮನೆಗೆ ಮಗಳನ್ನು ಕೊಡುವವನಲ್ಲ. ನಾನು ಹಿಟ್ಟಿನ ಕೈಯಲ್ಲೇ ಕಿಟಕಿಯ ಸರಳು ಹಿಡಿದು ನಿಂತಿದ್ದೆ.

ಕಾಕಾ ಒಳಗೆ ಬಂದ. ಅವರನ್ನು ತನ್ನ ಪಕ್ಕದಲ್ಲೇ ಕೂಡಿಸಿಕೊಂಡ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ.

"ತಪ್ಪು ನಂದು. ಇವರ ಮನ್ಯಾಗ ಹಿರೇರು ಲಗೂನ ಹ್ವಾದ್ರು. ಸಿದ್ಧ ಅನ್ನೂದಷ್ಟ ಇವರಿಗೆ ಗೊತ್ತಿತ್ತು. ಯಾವ ಸಿದ್ಧ ಅಂತ ಸಂತ್ಯಾಗ ನನಗಽ ಕೇಳಿದ್ರು. ನಾ ಹೊಳೆಸಿದ್ಧ ಅಂದೆ. ತಪ್ಪಿ ಅಂದೆ. ಇವರು ಬನಸಿದ್ಧನ ಒಕ್ಕಲು. ಅಸಂಗಿ ಆಚೆ ಹಾಳೂರಾಗ ಅದಾನ."

ಅಪ್ಪನಿಗೆ ನಂಬಿಕೆ ಬರಲಿಲ್ಲ. "ನೀ ತಪ್ಪಿದಿ? ಗುಡಿ ವಿಷಯದಾಗ ನೀ ತಪ್ಪಿದಿ?"

"ತಪ್ಪಿದೆ."

ಹುಡುಗನ ಅಪ್ಪ ಏನೋ ಹೇಳಲು ಬಾಯಿ ತೆರೆದರು. ಕಾಕಾ ಅವರ ಮೊಣಕಾಲ ಮೇಲೆ ಕೈ ಊರಿದ. ಅವರು ಬಾಯಿ ಮುಚ್ಚಿಕೊಂಡರು.

ಆಯಿ ಹಣೆ ಚಚ್ಚಿಕೊಂಡಳು. "ಏನಪ್ಪ ನೀನು! ಹುಟ್ಟಿದಾಗಿಂದ ಒಂದಽ ಒಂದು ಗೊತ್ತಿತ್ತು ನಿನಗ. ಅದೂ ಬರೋಬರಿ ಇಲ್ಲಲ್ಲ. ಇನ್ನು ಯಾರ ಮುಂದ ಬಾಯಿ ತಗೀಬ್ಯಾಡ" ಎಂದು ಬೀಗರ ಎದುರಿಗೇ ಬೈದಳು. ಮಾತುಕತೆಗೆಂದು ಕರೆದಿದ್ದ ಪಕ್ಕದ ಮನೆಯ ಹಿರಿಯರು ಮೀಸೆಯಲ್ಲೇ ನಕ್ಕರು. ಕಾಕಾ ತಲೆ ತಗ್ಗಿಸಿ ಕೂತಿದ್ದ. ಮಂದಿ ಅವನಿಗೆ ನಕ್ಕಿದ್ದನ್ನು ನಾನು ಬೇಕಾದಷ್ಟು ನೋಡಿದ್ದೆ, ಅವನು ತಲೆ ತಗ್ಗಿಸಿದ್ದನ್ನು ನೋಡಿರಲಿಲ್ಲ.

ಅಣ್ಣನಾಗಿದ್ದವನು ಊಟಕ್ಕೆ ಕೂಡುವಷ್ಟರಲ್ಲಿ ಮತ್ತೆ ವರನಾದ! ಮದುವೆ ನಿಕ್ಕಿಯಾಯಿತು.

ಸುದ್ದಿ ಸಂತೆಯಿಂದ ಸಂತೆಗೆ ಹರಡಿತು. ಗುಡಿಯ ಹುಚ್ಚ ಗುಡಿಯನ್ನೇ ತಪ್ಪಿದನಂತೆ! ಖಣ ನೋಡಲು ಬಂದವರು, "ಏನ್ರಿ ಸಾವಕಾರ್ರ, ಈ ಊರಿನ ಹಣಮಪ್ಪ ಈ ಊರಾಗಽ ಅದಾನೋ, ಅದೂ ಮರತ್ರೋ?" ಎಂದು ಕೇಳಿ ನಗತೊಡಗಿದರು. ಕಾಕಾ ಉತ್ತರ ಕೊಡದೆ ಬಟ್ಟೆ ಅಳೆಯುತ್ತಿದ್ದ. ಮೊದಲ ಬಾರಿಗೆ ನಮ್ಮ ವ್ಯಾಪಾರ ಸುಧಾರಿಸಿತು.

ಮದುವೆಯಾದ ಮರುವಾರ ಗಂಡನ ಮನೆಯವರ ಜೊತೆ ಬನಸಿದ್ಧನಿಗೆ ಹೊರಟೆವು. ದಾರಿ ತೋರಿಸಲು ಕಾಕಾ. ಅಸಂಗಿ ದಾಟಿದ ಮೇಲೆ ಗಾಡಿಯ ದಾರಿಯೂ ಮುಗಿಯಿತು. ಜಾಲಿ ಕಂಟಿಗಳ ನಡುವೆ ಕುಸಿದ ಗೋಡೆಗಳು, ಮುಚ್ಚಿಹೋದ ಒಂದು ಬಾವಿ. ಹಿಂದೆ ಊರಿದ್ದ ಜಾಗ. ಊರೇ ಎದ್ದು ಹೋದ ಮೇಲೆ ಒಕ್ಕಲುಗಳು ದಿಕ್ಕಿಗೊಬ್ಬರಾಗಿ ಹೋಗಿ, ತಿರುಗಿ ನೋಡದೆ, ಹೊಸ ಊರಿನ ಹೊಸ ದೇವರುಗಳನ್ನು ಹಿಡಿದಿದ್ದರಂತೆ. ನಡುವೆ ಎದೆಮಟ್ಟದ ಒಂದು ಕಲ್ಲಿನ ಗುಡಿ. ಕಾಕಾ ಹಿಂದಿನ ದಿನವೇ ಬಂದು ಕಂಟಿ ಕಡಿದಿದ್ದ, ಕಸ ತೆಗೆದಿದ್ದ, ಬಾಗಿಲಿಗೆ ಸುಣ್ಣ ಬಳಿದಿದ್ದ. ಸುಣ್ಣ ಇನ್ನೂ ಹಸಿಯಿತ್ತು.

ನನ್ನ ಮಾವನವರು ಗುಡಿಯ ಹೊರಗೇ ನಿಂತುಬಿಟ್ಟರು. ಕೈಯಲ್ಲಿ ಕಾಯಿ ಇತ್ತು, ಕಾಲು ಮುಂದೆ ಬರಲಿಲ್ಲ.

"ನಾ ಯಾ ಮುಖ ಇಟಗೊಂಡು ಒಳಗ ಹೋಗ್ಲಿ ಬೀಗರ? ಯಾರದೋ ದೇವರು."

ಕಾಕಾ ಬಾಗಿಲ ಹತ್ತಿರ ಹೋಗಿ ಒಳಗೆ ಇಣುಕಿ ನೋಡಿದ. ಯಾರಾದರೂ ಮಲಗಿದ್ದಾರೇನೋ ಎಂದು ನೋಡುವ ಹಾಗೆ. ಆಮೇಲೆ ಮೆಲ್ಲಗೆ ಹೇಳಿದ.

"ಯಾರದೂ ಅಲ್ರಿ. ಇಷ್ಟು ವರ್ಷ ಒಬ್ಬರೂ ಬಂದಿಲ್ಲ ಅಂತ ಅವನೂ ನಾಚಗೊಂಡು ಕುಂತಾನ. ನೀವೂ ನಾಚಗೊಂಡು ಹೊರಗ ನಿಂದ್ರತೀರಿ. ಹೋಗ್ರಿ, ಮಾತಾಡಸ್ರಿ."

ಮಾವನವರು ಬಗ್ಗಿ ಒಳಗೆ ಹೋದರು. ಕಾಯಿ ಒಡೆದ ಸಪ್ಪಳ ಕೇಳಿಸಿತು. ಆಮೇಲೆ ಅವರು ಅಳುವುದು ಕೇಳಿಸಿತು. ತಮ್ಮ ಅಪ್ಪನ ಹೆಸರು, ಮುತ್ತ್ಯಾನ ಹೆಸರು, ಮಗನ ಹೆಸರು ಒಂದೊಂದಾಗಿ ಹೇಳಿ, ಇವರೆಲ್ಲ ನಿನ್ನವರಪ್ಪ ಎನ್ನುತ್ತಿದ್ದರು. ನನ್ನ ಗಂಡ ಗೋಡೆಗೆ ಮುಖ ಮಾಡಿ ನಿಂತಿದ್ದ.

ಕಾಕಾ ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಬಂದು ಕೂತ. ಬೆರಳಿಗೆ ಹತ್ತಿದ ಸುಣ್ಣವನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದ.

"ಅವತ್ತ ಎಲ್ಲಾರ ಮುಂದ ನಾ ತಪ್ಪಿದೆ ಅಂದಾಗ, ನಿನಗ ನಾಚಿಕಿ ಆತೇನವಾ?"

"ಇಲ್ಲ ಕಾಕಾ."

"ನನಗ ಭಾಳ ಆತವಾ" ಎಂದ. "ಹೊಳೆಸಿದ್ಧನ ಒಕ್ಕಲು ಯಾರು ಅನ್ನೂದು ನನಗ ಗೊತ್ತಿಲ್ಲ ಅಂತ ತಿಳಕೊಂಡ್ರಲ್ಲ ಮಂದಿ. ಗೊತ್ತಿತ್ತವಾ ನನಗ. ಒಬ್ಬೊಬ್ಬರೂ ಗೊತ್ತಿದ್ರು."

ತವರು ಬಿಟ್ಟು ಹೊರಟ ದಿನ ನಾನು ಅತ್ತಿರಲಿಲ್ಲ, ಗಟ್ಟಿ ಹುಡುಗಿ ಎಂದು ಎಲ್ಲರೂ ಹೊಗಳಿದ್ದರು. ಆ ಹಾಳೂರಿನ ಕಟ್ಟೆಯ ಮೇಲೆ, ಗಂಡನ ಮನೆಯವರ ಎದುರಿಗೆ, ಕಾಕಾನ ಸುಣ್ಣದ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ದನಿ ತೆಗೆದು ಅತ್ತೆ.